ಅಪ್ಗಾರ್ 6 ಬಂದರೆ ಮಗು ಫೇಲಾ?

ಪ್ರಶ್ನೆ: ಡಾಕ್ಟ್ರೇ, ಮೂರು ವಾರದ ಹಿಂದೆ ನನಗೆ ಹೆರಿಗೆ ಆಯಿತು. ಗಂಡು ಮಗು, ತೂಕ 2.8 ಕೆ.ಜಿ. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿತ್ತಂತೆ, ಹುಟ್ಟಿದ ಕೂಡಲೇ ಸರಿಯಾಗಿ ಅಳಲಿಲ್ಲ. ಸಿಸ್ಟರ್ ಬೆನ್ನು ಉಜ್ಜಿದ ಮೇಲೆ ಜೋರಾಗಿ ಅತ್ತ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಅಪ್ಗಾರ್ 6, 8’ ಅಂತ ಬರೆದಿದ್ದಾರೆ. ಪಕ್ಕದ ಬೆಡ್ಡಿನ ಮಗುವಿಗೆ 9, 9 ಇತ್ತು. ನಮ್ಮ ನಾದಿನಿ ಫೋನಿನಲ್ಲಿ ಹುಡುಕಿ, ಇದು ಕಮ್ಮಿ ಇದ್ದರೆ ಮಕ್ಕಳ ಬುದ್ಧಿ ಮಂದ ಅಂದಳು. ಅವತ್ತಿನಿಂದ ಅತ್ತೆಯವರೂ ಸಪ್ಪಗಾಗಿದ್ದಾರೆ. ಮಗು ಹಾಲು ಚೆನ್ನಾಗಿ ಕುಡಿಯುತ್ತಾನೆ. ಆದರೂ ನನಗೆ ನಿದ್ದೆ ಇಲ್ಲ.
– ಹೆಸರು ಬೇಡ, ಹಾವೇರಿ

ಉತ್ತರ: ನಿಮ್ಮ ಮಗನಿಗೆ ಬಂದಿರುವುದು ಒಳ್ಳೆಯ ಅಂಕವೇ ತಾಯಿ. ಮೊದಲು ಇದನ್ನು ಅತ್ತೆಯವರಿಗೆ ಓದಿ ಹೇಳಿ, ಆಮೇಲೆ ಮುಂದಿನದು.

ಕಾರ್ಡಿನಲ್ಲಿರುವ ಮೊದಲ ಸಂಖ್ಯೆ ಹುಟ್ಟಿ 1 ನಿಮಿಷಕ್ಕೆ ಕೊಟ್ಟಿದ್ದು, ಎರಡನೆಯದು 5 ನಿಮಿಷಕ್ಕೆ. ಐದು ವಿಷಯ ನೋಡುತ್ತೇವೆ, ಒಂದೊಂದಕ್ಕೂ 0, 1 ಅಥವಾ 2. ನಿಮ್ಮ ಮಗನ 6 ಹೇಗೆ ಬಂದಿರಬಹುದು ಅಂತ ನೀವು ಬರೆದಿದ್ದರಿಂದಲೇ ಊಹಿಸಬಹುದು. ಎದೆಬಡಿತ ನಿಮಿಷಕ್ಕೆ 100ಕ್ಕಿಂತ ಮೇಲಿದ್ದರೆ 2. ಉಸಿರಾಟ ಇನ್ನೂ ಸರಿಯಾಗಿ ಕೂಡಿಬಂದಿಲ್ಲ, ಅಳು ಕ್ಷೀಣ, ಅದಕ್ಕೆ 1. ಕೈಕಾಲು ಸ್ವಲ್ಪ ಮಡಚಿದೆ, ಆದರೆ ಚುರುಕಾಗಿ ಒದೆಯುತ್ತಿಲ್ಲ, 1. ಮೂಗಿಗೆ ನಳಿಕೆ ತಾಗಿಸಿದರೆ ಮುಖ ಕಿವುಚುತ್ತಾನೆ, ಸೀನುವುದಿಲ್ಲ, 1. ಮೈಬಣ್ಣ ಪರವಾಗಿಲ್ಲ, ಅಂಗೈ ಅಂಗಾಲು ಮಾತ್ರ ನೀಲಿ, 1. ಒಟ್ಟು 6. ಬೆನ್ನು ಉಜ್ಜಿದರು, ಅತ್ತ, 5ನೇ ನಿಮಿಷಕ್ಕೆ 8 ಆಯಿತು. ಅಂದರೆ ನಾವು ಬಯಸುವ ಹಾಗೇ ಮೇಲೆ ಹೋಗಿದೆ. 7ರಿಂದ 10ರವರೆಗೆ ಎಲ್ಲವೂ ನೆಮ್ಮದಿಯ ಅಂಕವೇ.

ಪಕ್ಕದ ಬೆಡ್ಡಿನ ಮಗುವಿಗೂ 10 ಬಂದಿಲ್ಲ ಅಲ್ವಾ? ಬರುವುದು ಅಪರೂಪ. ಹುಟ್ಟಿದ ಕೆಲವೇ ನಿಮಿಷದಲ್ಲಿ ಹೆಚ್ಚಿನ ಮಕ್ಕಳ ಅಂಗೈ, ಅಂಗಾಲು ನೀಲಿಯಾಗಿಯೇ ಇರುತ್ತವೆ. ಅಲ್ಲೇ ಒಂದು ಅಂಕ ಹೋಗುತ್ತದೆ. ನಮ್ಮ ಕಡೆ ಮೈಬಣ್ಣ ಸ್ವಲ್ಪ ಗಾಢವಾದ ಮಕ್ಕಳಲ್ಲಿ ಚರ್ಮ ನೋಡಿ ಹೇಳುವುದು ಕಷ್ಟ. ಹಾಗಾಗಿ ನಾನು ಮೊದಲು ನಾಲಿಗೆ, ತುಟಿಯ ಒಳಭಾಗ ನೋಡುತ್ತೇನೆ. ಅದು ಕೆಂಪಗಿದ್ದರೆ ಸಾಕು.

ಈ ಪದ್ಧತಿ ತಂದವರು ವರ್ಜೀನಿಯಾ ಅಪ್ಗಾರ್, ನ್ಯೂಯಾರ್ಕಿನಲ್ಲಿ ಅರಿವಳಿಕೆ ವೈದ್ಯೆ. ಆಗ ಹೆರಿಗೆ ಆದ ಮೇಲೆ ಎಲ್ಲರ ಗಮನ ತಾಯಿಯ ಕಡೆ ಇರುತ್ತಿತ್ತು, ಮಗುವನ್ನು ಕ್ರಮವಾಗಿ ಪರೀಕ್ಷಿಸುವ ಅಭ್ಯಾಸ ಕಡಿಮೆ. ಒಂದು ನಿಮಿಷಕ್ಕೆ ಯಾರಾದರೂ ಮಗುವನ್ನು ನೋಡಲೇಬೇಕು, ಸಹಾಯ ಬೇಕೋ ಬೇಡವೋ ಹೇಳಬೇಕು ಅನ್ನುವುದು ಆಕೆಯ ಉದ್ದೇಶ. 1953ರಲ್ಲಿ ಅದನ್ನು ಪ್ರಕಟಿಸಿದರು. ಬುದ್ಧಿ ಅಳೆಯುವುದು ಅವರ ತಲೆಯಲ್ಲೇ ಇರಲಿಲ್ಲ. ಮುಂದೆ ಮಗು ಹೇಗೆ ಕಲಿಯುತ್ತದೆ, ಹೇಗೆ ಬೆಳೆಯುತ್ತದೆ ಅನ್ನುವುದನ್ನು ಈ ಅಂಕದಿಂದ ಹೇಳಲು ಬರುವುದಿಲ್ಲ. ಪಿಯುಸಿ ಮಾರ್ಕ್ಸ್ ಕಾರ್ಡಿನ ಥರ ಇದನ್ನು ಹೋಲಿಸಿ ನೋಡುವುದನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ನಾವು ಗಾಬರಿಯಾಗುವುದು ಯಾವಾಗ? 5 ನಿಮಿಷವಾದರೂ ಅಂಕ 7 ಮುಟ್ಟದಿದ್ದರೆ ಮತ್ತೆ 5 ನಿಮಿಷಕ್ಕೊಮ್ಮೆ, 20 ನಿಮಿಷದವರೆಗೂ ನೋಡುತ್ತೇವೆ. 3ರ ಒಳಗೇ ನಿಂತುಬಿಟ್ಟರೆ ಚಿಂತೆ. ಆಗಲೂ ಬರೀ ಅಂಕ ನಂಬಿ ಏನೂ ಹೇಳುವುದಿಲ್ಲ. ಫಿಟ್ಸ್ ಬಂತಾ, ಹಾಲು ಚೀಪುತ್ತಾ, ರಕ್ತಪರೀಕ್ಷೆ ಏನು ಹೇಳುತ್ತೆ, ಎಲ್ಲ ಸೇರಿಸಿ ನೋಡುತ್ತೇವೆ. ನಿಮ್ಮ ಮಗ ಆ ಗುಂಪಿಗೆ ಸೇರಿಲ್ಲ. ಕುತ್ತಿಗೆಗೆ ಬಳ್ಳಿ ಸುತ್ತುವುದಂತೂ ತುಂಬಾ ಸಾಮಾನ್ಯ.

ಈಗ ನೀವು ನೋಡಬೇಕಾದ್ದು ಮೂರು ವಾರದ ಮಗುವನ್ನು, ಮೊದಲ ಐದು ನಿಮಿಷವನ್ನಲ್ಲ. ಮೊದಲ ವಾರ ಸ್ವಲ್ಪ ತೂಕ ಇಳಿಯುವುದು ಸಹಜ, ಆದರೆ ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬಂದಿರಬೇಕು. ಆಶಾ ಕಾರ್ಯಕರ್ತೆ 21ನೇ ದಿನ ಮನೆಗೆ ಬರಬೇಕು, 28ಕ್ಕೆ, 42ಕ್ಕೂ ಬರಬೇಕು. ಅವರ ಹತ್ತಿರ ತಕ್ಕಡಿ ಇರುತ್ತದೆ. ತೂಗಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಕಾಗುತ್ತಿದೆ ಅಂತ ಅರ್ಥ. ಒಂದೂವರೆ, ಎರಡು ತಿಂಗಳಿಗೆ ನಿಮ್ಮ ಮುಖ ನೋಡಿ ನಗುತ್ತಾನಾ, ಗಮನಿಸಿ.

ಇವು ಕಂಡರೆ ಮಾತ್ರ ಬೆಳಿಗ್ಗೆವರೆಗೂ ಕಾಯಬೇಡಿ: ಹಾಲು ಚೀಪುವುದನ್ನು ಬಿಟ್ಟರೆ, ಎದೆ ಒಳಗೆ ಎಳೆದುಕೊಂಡು ಉಸಿರಾಡಿದರೆ, ಸುಮ್ನೆ ಮಲಗಿದ್ದಾಗ ಉಸಿರು ನಿಮಿಷಕ್ಕೆ 60 ದಾಟಿದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಫಿಟ್ಸ್ ಬಂದರೆ, ಅಂಗೈ ಅಂಗಾಲಿಗೂ ಅರಿಶಿನ ಬಣ್ಣ ಇಳಿದರೆ. ಉಸಿರು ಎಣಿಸುವಾಗ ಪೂರ್ತಿ ಒಂದು ನಿಮಿಷ ಎಣಿಸಿ. ಎಳೆ ಮಕ್ಕಳು ಒಮ್ಮೆ ಬೇಗ, ಒಮ್ಮೆ ನಿಧಾನ ಉಸಿರಾಡುತ್ತವೆ, ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದರೆ ತಪ್ಪುತ್ತದೆ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಮಗು ಅಳದಿದ್ದರೆ ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗೆ ಮಾಡಿ ಕುಂಡೆಗೆ ಬಾರಿಸುತ್ತಿದ್ದಳು, ತಕ್ಷಣ ಬಿಸಿನೀರಿನ ಸ್ನಾನ ಆಗುತ್ತಿತ್ತು. ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಯವರು ಎರಡೂ ಮಾಡಲಿಲ್ಲ. ಯಾಕೆ?
– ಒಬ್ಬ ಅಜ್ಜಿ, ಶಿರಸಿ

ಉತ್ತರ: ಅಜ್ಜೀ, ಎರಡನ್ನೂ ಬಿಟ್ಟಿದ್ದೇ ಒಳ್ಳೆಯದಾಯಿತು. ತಲೆಕೆಳಗೆ ಹಿಡಿದು ಹೊಡೆದರೆ ಪೆಟ್ಟಾಗಬಹುದು, ಜಾರಿ ಬೀಳಬಹುದು. ಒಣಬಟ್ಟೆಯಲ್ಲಿ ಮೈ ಒರೆಸಿ, ಬೆನ್ನು ಉಜ್ಜಿ, ಅಂಗಾಲು ಚಿಟಿಕೆ ಹೊಡೆದಂತೆ ತಟ್ಟಿದರೆ ಹೆಚ್ಚಿನ ಮಕ್ಕಳು ಅತ್ತುಬಿಡುತ್ತವೆ. ಅಷ್ಟಕ್ಕೂ ಉಸಿರಾಡದಿದ್ದರೆ ಅಂಕ ಬರೆಯಲು ಕಾಯದೆ ಮೊದಲ ನಿಮಿಷದಲ್ಲೇ ಆಂಬು ಬ್ಯಾಗಿನಿಂದ ಗಾಳಿ ಕೊಡುತ್ತೇವೆ. ಇನ್ನು ಸ್ನಾನ. ಒದ್ದೆ ಮೈಯಲ್ಲಿ ಎಳೆ ಮಗು ಬೇಗ ತಣ್ಣಗಾಗುತ್ತದೆ, ತಣ್ಣಗಾದ ಮಗು ಹಾಲು ಚೀಪುವುದಿಲ್ಲ. ಮೈಗೆ ಅಂಟಿರುವ ಬಿಳಿ ಪದರ ಕೊಳೆಯಲ್ಲ, ಅದು ಚರ್ಮವನ್ನು ಕಾಯುತ್ತದೆ. ಕನಿಷ್ಠ 24 ಗಂಟೆ ಸ್ನಾನ ಬೇಡ. ಅಲ್ಲಿಯವರೆಗೂ ಅಮ್ಮನ ಎದೆಯ ಮೇಲೆ ಮಲಗಿಸಿ, ಮೇಲೊಂದು ಬಟ್ಟೆ ಹೊದಿಸಿ. ಆಮೇಲೆ ಎಣ್ಣೆ ನೀರಿನ ಉಸ್ತುವಾರಿ ನಿಮ್ಮದೇ. ಕಿವಿಗೆ, ಮೂಗಿಗೆ ಮಾತ್ರ ಎಣ್ಣೆ ಬಿಡಬೇಡಿ.