ಅಪ್ಪಯ್ಯನ ಆಸಿಟ್ರೋಮ್ ಮತ್ತು ಅಮೆರಿಕದ ಆರು ತಿಂಗಳು

ತಮ್ಮಾ, ನೀನು ಕೇಳಿದ್ದು ಎರಡು. ಶಿರಸಿಯಿಂದ ಆರು ತಿಂಗಳಿಗೆ ಬರುವ ಅಪ್ಪಯ್ಯ ನುಂಗುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸಿಟ್ರೋಮ್ ಗುಳಿಗೆ ಅಮೆರಿಕದಲ್ಲಿ ಸಿಗುತ್ತದಾ? ಹೆಚ್ಚುಕಮ್ಮಿ ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರಾ?

ಗುಳಿಗೆ ಸಿಗುವುದಿಲ್ಲ. ಇಲ್ಲಿರುವುದು ಅದೇ ಜಾತಿಯ ವಾರ್ಫರಿನ್. ಎರಡರ ಅಳತೆ ಬೇರೆ. ವಾರ್ಫರಿನ್ ಹೆಚ್ಚುಕಡಿಮೆ ಎರಡು ಪಟ್ಟು ಮಿಲಿಗ್ರಾಂ ಬೇಕಾಗುತ್ತದೆ, ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಾಗಾಗಿ ಊರಿನದನ್ನೇ ತರಲಿ. ಗುಳಿಗೆ ಮೂಲ ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರು ಇಂಗ್ಲಿಷಿನಲ್ಲಿ ಬರೆದ ಚೀಟಿ ಜೊತೆಗಿರಲಿ. ಸಾಮಾನ್ಯವಾಗಿ 90 ದಿನಕ್ಕಾಗುವಷ್ಟು ತರಲು ತೊಂದರೆಯಿಲ್ಲ. ಉಳಿದದ್ದನ್ನು ಡಾಕ್ಟರ ಪತ್ರ, ವೀಸಾ ಮತ್ತು ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿ ಪಾರ್ಸೆಲ್ ಹಾಕಿಸು. ಲಂಡನ್ನಿನ ನೆಂಟರ ವಾರ್ಫರಿನ್ ಡಬ್ಬಿಯಿಂದ ಸಾಲ ಮಾತ್ರ ಬೇಡ. ಅಲ್ಲಿ ಗುಲಾಬಿ ಗುಳಿಗೆ 5 ಮಿಲಿಗ್ರಾಂ, ಇಲ್ಲಿ ಗುಲಾಬಿ 1 ಮಿಲಿಗ್ರಾಂ.

ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆಗೆ (ಅಂಕಿ ಏರಿದಷ್ಟೂ ರಕ್ತ ಸೋರುವ ಭಯ, ಇಳಿದಷ್ಟೂ ಹೆಪ್ಪುಗಟ್ಟುವ ಭಯ) ಇಲ್ಲಿ ಸಾಮಾನ್ಯವಾಗಿ ಒಬ್ಬ ಡಾಕ್ಟರ ಆರ್ಡರ್ ಬೇಕು. ಅಪ್ಪಯ್ಯ ಬರುವ ಮೊದಲೇ ಕ್ಲಿನಿಕ್ ಹುಡುಕಿಡು. ಸಂದರ್ಶಕರ ವಿಮೆ ಹಳೇ ಕಾಯಿಲೆಯ ಇಂಥ ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬಡಿತ ಏರುಪೇರಾಗುವ ಹೃದಯಕ್ಕೆ ಐಎನ್‌ಆರ್ ಗುರಿ 2ರಿಂದ 3. ಇದನ್ನು ಕೆಡಿಸುವುದು ಹೆಚ್ಚಾಗಿ ಊರಿನಿಂದ ತಂದ ಔಷಧದ ಚೀಲವೇ. ಭೇದಿಗೆಂದು ಇಟ್ಟ ಮೆಟ್ರೊಜಿಲ್ ಐಎನ್‌ಆರ್ ಅನ್ನು ಏರಿಸಿಬಿಡುತ್ತದೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇದೆ, ಹೊಟ್ಟೆಯಲ್ಲಿ ರಕ್ತ ಸೋರಬಹುದು. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಅದೂ ಮಿತವಾಗಿ. ಸೊಪ್ಪು ತಿನ್ನುವುದನ್ನು ನಿಲ್ಲಿಸಬೇಡ, ಒಮ್ಮೆಲೇ ಹೆಚ್ಚಿಸಲೂ ಬೇಡ. ಊರಲ್ಲಿ ಅಪರೂಪಕ್ಕೆ ಬಸಳೆ ಹುಳಿ ಉಂಡವರಿಗೆ ಇಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ದಿನಾ ಪಾಲಕ್, ಕೇಲ್ ಸೊಪ್ಪು ಬಡಿಸಿದರೆ ಐಎನ್‌ಆರ್ ಇಳಿಯುತ್ತದೆ. ತಪ್ಪಿದ ಗುಳಿಗೆ ಅದೇ ದಿನ ನೆನಪಾದರೆ ತೆಗೆದುಕೊಳ್ಳಲಿ. ಮರುದಿನ ಎರಡು ನುಂಗುವುದು ಬೇಡ.

ಇನ್ನು ಇಂಜೆಕ್ಷನ್. ಅಪ್ಪಯ್ಯನ ಗುಳಿಗೆ ಹೆಪ್ಪನ್ನು ಕರಗಿಸುವುದಿಲ್ಲ, ಹೊಸದು ಕಟ್ಟದಂತೆ ತಡೆಯುತ್ತದೆ ಅಷ್ಟೆ. ಕರಗಿಸುವುದು ಆಲ್ಟೆಪ್ಲೇಸ್, ಟೆನೆಕ್ಟೆಪ್ಲೇಸ್. ಆಸ್ಪತ್ರೆಯಲ್ಲಿ ರಕ್ತನಾಳದೊಳಗೆ ಕೊಡುವಂಥವು. ಲಕ್ವ ಹೊಡೆದು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್‌ನಲ್ಲಿ ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಕಾಣಬೇಕು, ಬಿಪಿ 185/110ಕ್ಕಿಂತ ಕೆಳಗಿರಬೇಕು.

ಯಾರೂ ಮೊದಲೇ ಹೇಳದ ಸಂಗತಿ ಒಂದಿದೆ: ಐಎನ್‌ಆರ್ 1.7 ದಾಟಿದ್ದರೆ ಈ ಇಂಜೆಕ್ಷನ್ ಕೊಡುವುದಿಲ್ಲ. ಅಂದರೆ ಗುಳಿಗೆ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅಪ್ಪಯ್ಯನಿಗೆ ಅದು ಸಿಗುವುದಿಲ್ಲ, ಮಿದುಳಿನಲ್ಲಿ ರಕ್ತ ಸೋರುವ ಭಯಕ್ಕೆ. ದೊಡ್ಡ ನಾಳ ಕಟ್ಟಿದ್ದರೆ ತೊಡೆಸಂದಿಯ ರಕ್ತನಾಳದಿಂದ ತಂತಿ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ದಾರಿ ಆಗಲೂ ಉಂಟು. ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ. ಆದ್ದರಿಂದ ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ 911 ಒತ್ತು. ಶಿರಸಿಯಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಕಾರಿನಲ್ಲಿ ಹಾಕಿಕೊಂಡು ಓಡುವ ರೂಢಿ ಇಲ್ಲಿ ಬೇಡ. ಆಂಬುಲೆನ್ಸಿನವರಿಗೆ ಯಾವ ಆಸ್ಪತ್ರೆ ಅಂತ ಗೊತ್ತಿರುತ್ತದೆ. ಆಸ್ಪಿರಿನ್ ಕೊಡಬೇಡ, ಸ್ಕ್ಯಾನ್ ಆಗುವವರೆಗೆ ಅದು ಹೆಪ್ಪೋ ರಕ್ತಸ್ರಾವವೋ ತಿಳಿಯುವುದಿಲ್ಲ. ಅವರು ಕೇಳುವುದು ನೀನು ನೋಡಿದ ಹೊತ್ತಲ್ಲ, ಅಪ್ಪಯ್ಯ ಕೊನೆಗೆ ಸರಿಯಾಗಿದ್ದ ಹೊತ್ತು. ಬೆಳಿಗ್ಗೆ ಏಳುವಾಗಲೇ ಲಕ್ವ ಇದ್ದರೆ ರಾತ್ರಿ ಮಲಗಿದ ಸಮಯ ಹೇಳು.

ಹೃದಯಾಘಾತಕ್ಕೆ ಇಲ್ಲಿ ಹೆಚ್ಚಾಗಿ ನೇರ ಆಂಜಿಯೊಪ್ಲಾಸ್ಟಿ. ಹಿಂದೆ ಊರಲ್ಲಿ ಸ್ಟ್ರೆಪ್ಟೊಕೈನೇಸ್ ಎಂಬ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನೂ ಚೀಟಿಯಲ್ಲಿ ಬರೆಸು. ದೇಹ ಅದಕ್ಕೆ ಪ್ರತಿಕಾಯ ಬೆಳೆಸಿಕೊಂಡಿರುವುದರಿಂದ ಎರಡನೇ ಸಲ ಅದನ್ನು ಕೊಡುವುದಿಲ್ಲ.

ಅಪ್ಪಯ್ಯನ ಕಿಸೆಯಲ್ಲಿ ಒಂದು ಕಾರ್ಡ್ ಇರಲಿ: ಅಸೆನೊಕೌಮರಾಲ್ ಎಂಬ ಪೂರ್ತಿ ಹೆಸರು (ಆಸಿಟ್ರೋಮ್ ಎಂದರೆ ಇಲ್ಲಿ ಯಾರಿಗೂ ಅರ್ಥವಾಗದು), ಮಿಲಿಗ್ರಾಂ, ನುಂಗುವ ಹೊತ್ತು, ಕೊನೆಯ ಐಎನ್‌ಆರ್. ಬಾತ್‌ಟಬ್ಬಿನಲ್ಲೋ ಹಿಮದ ಮೇಲೋ ಜಾರಿ ತಲೆಗೆ ಪೆಟ್ಟಾದರೆ, ‘ನಂಗೆಂತದೂ ಆಗಲಿಲ್ಲ’ ಅಂದರೂ ಅವತ್ತೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗು.