ಬೈಕ್ ಲೋನ್ ತೀರಿಸಿ ಎರಡು ವರ್ಷವಾದರೂ ಸಿಬಿಲ್‌ನಲ್ಲಿ (ನಮ್ಮ ಸಾಲಗಳ ದಾಖಲೆ ಇಡುವ ಕಂಪನಿಯ ರಿಪೋರ್ಟಿನಲ್ಲಿ) ಬಾಕಿ ಅಂತ ಬರುತ್ತಿದೆ, ಮನೆ ಸಾಲ ಸಿಗುತ್ತಿಲ್ಲ. ಕೇಸ್ ಹಾಕಬಹುದಾ?

ಹಾಕಬಹುದು. ಆದರೆ ಅದು ಕೊನೆಯ ದಾರಿ. ಅದಕ್ಕೂ ಮೊದಲೇ ಕೆಲಸ ಆಗುವ ಸಾಧ್ಯತೆ ಜಾಸ್ತಿ.

ಬ್ರಾಂಚಿಗೆ ಹೋಗಿ ಬಾಯಿಮಾತಲ್ಲಿ ಹೇಳಿ ಬರುತ್ತಿದ್ದೀರಿ ಅಂತ ಬರೆದಿದ್ದೀರಿ. ಅದನ್ನು ಇವತ್ತೇ ನಿಲ್ಲಿಸಿ. ‘ಮುಂದಿನ ತಿಂಗಳು ಅಪ್‌ಡೇಟ್ ಆಗುತ್ತೆ ಸಾರ್’ ಅನ್ನೋ ಮಾತಿಗೆ ಯಾವ ದಾಖಲೆಯೂ ಇಲ್ಲ ಅಲ್ವಾ? ನಿಮ್ಮ ದೂರಿಗೆ ಒಂದು ನಂಬರು, ಒಂದು ತಾರೀಖು ಬೇಕು. ದಿನ ಎಣಿಸುವುದು ಅಲ್ಲಿಂದಲೇ.

2005ರ ಕ್ರೆಡಿಟ್ ಇನ್ಫರ್ಮೇಶನ್ ಕಂಪನಿಗಳ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಪ್ಪು ತಿದ್ದಿ ಅಂತ ಕೇಳುವ ಹಕ್ಕು ನಿಮಗಿದೆ. 30 ದಿನದೊಳಗೆ ತಿದ್ದಲು ಕ್ರಮ ತೆಗೆದುಕೊಳ್ಳಬೇಕು. ಆದರೆ ಸಾಲ ಕೊಟ್ಟವರು ಹೌದು ಅನ್ನದೆ ಸಿಬಿಲ್ ತಾನಾಗಿ ಏನನ್ನೂ ಬದಲಾಯಿಸುವಂತಿಲ್ಲ. ಹಾಗಾಗಿ ಎನ್‌ಒಸಿ (ಸಾಲ ತೀರಿದೆ, ಬಾಕಿ ಇಲ್ಲ ಅನ್ನೋ ಪತ್ರ), ಕೊನೆಯ ಕಂತು ಕಟ್ಟಿದ ಸ್ಟೇಟ್‌ಮೆಂಟ್ ಲಗತ್ತಿಸಿ ಸಾಲ ಕೊಟ್ಟವರಿಗೂ ಸಿಬಿಲ್‌ಗೂ ಒಂದೇ ದಿನ ದೂರು ಕೊಡಿ. ಸಿಬಿಲ್ ಥರದ್ದೇ ಕಂಪನಿಗಳಾದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್‌ಗಳ ರಿಪೋರ್ಟುಗಳನ್ನೂ ತೆಗೆದು ನೋಡಿ. ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಲೇಬೇಕು.

ಈಗ ನಿಜವಾದ ಅಸ್ತ್ರ. ಏಪ್ರಿಲ್ 2024ರಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದ ಪ್ರಕಾರ, ದೂರು ಕೊಟ್ಟು 30 ದಿನ ದಾಟಿದರೆ ಆಮೇಲಿನ ಪ್ರತಿ ದಿನಕ್ಕೂ ನಿಮಗೆ 100 ರೂಪಾಯಿ ಪರಿಹಾರ ಕೊಡಬೇಕು. ಸಾಲ ಕೊಟ್ಟವರು 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸದೆ ಕೂತಿದ್ದರೆ ಅವರ ಜೇಬಿನಿಂದ. ಕಳಿಸಿದ ಮೇಲೂ ತಡವಾದರೆ ರಿಪೋರ್ಟ್ ಕಂಪನಿಯ ಜೇಬಿನಿಂದ. ತಿದ್ದಲ್ಲ ಅಂದರೆ ಕಾರಣ ಹೇಳಬೇಕು.

ನಾನು ಎಂದೋ ಮುಚ್ಚಿಸಿದ್ದ ಕ್ರೆಡಿಟ್ ಕಾರ್ಡಿಗೆ ವಾರ್ಷಿಕ ಶುಲ್ಕ, ಅದಕ್ಕೆ ಬಡ್ಡಿ, ಆ ಬಡ್ಡಿಗೂ ಬಡ್ಡಿ ಬೆಳೆದು ರಿಪೋರ್ಟಿನಲ್ಲಿ ಕೂತಿತ್ತು. ಕಾರ್ಡ್ ಕೊಟ್ಟವರನ್ನು ಕೇಳಿದರೆ ‘ರಿಪೋರ್ಟ್ ಕಂಪನಿಯನ್ನು ಕೇಳಿ’, ಆ ಕಂಪನಿಯನ್ನು ಕೇಳಿದರೆ ‘ಕಾರ್ಡ್ ಕೊಟ್ಟವರನ್ನು ಕೇಳಿ’. ಮೇಲ್‌ನಲ್ಲಿ ಈ 100 ರೂಪಾಯಿಯ ನಿಯಮ ಬರೆದ ಮೇಲೇ ಸರಿಯಾದ ಉತ್ತರ ಬಂದಿದ್ದು. ಆಗಲೂ ಮೊದಲು ‘ಸ್ವಲ್ಪ ಕಟ್ಟಿ, ಸೆಟಲ್ ಮಾಡಿಬಿಡೋಣ’ ಅಂದರು. ನಿಮಗೂ ಹಾಗೆ ಹೇಳಬಹುದು, ಒಪ್ಪಬೇಡಿ. ‘ಸೆಟಲ್ಡ್’ ಅಂತ ಬಂದರೆ ಪೂರ್ತಿ ಕಟ್ಟಿಲ್ಲ ಅಂತಲೇ ಬೇರೆ ಬ್ಯಾಂಕಿನವರು ಓದುತ್ತಾರೆ. ನಿಮಗೆ ಬೇಕಾದದ್ದು ‘ಕ್ಲೋಸ್ಡ್’.

30 ದಿನ ಕಳೆದರೂ ಉತ್ತರ ಇಲ್ಲ, ಅಥವಾ ಹಾರಿಕೆ ಉತ್ತರ ಬಂತು ಅಂದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಆರ್‌ಬಿಐನ ಸಿಎಂಎಸ್ ಅನ್ನೋ ದೂರಿನ ಪೋರ್ಟಲ್‌ನಲ್ಲಿ ದೂರು ಹಾಕಿ. ಫೀಸಿಲ್ಲ, ವಕೀಲರೂ ಬೇಡ. ಸೆಪ್ಟೆಂಬರ್ 2022ರಿಂದ ಸಿಬಿಲ್‌ನಂಥ ಕಂಪನಿಗಳೂ ಇದರ ವ್ಯಾಪ್ತಿಗೆ ಬಂದಿವೆ. ಮನೆ ಸಾಲ ತಪ್ಪಿ ಅಡ್ವಾನ್ಸ್ ಮುಳುಗಿದಂಥ ದೊಡ್ಡ ನಷ್ಟ ಆಗಿದ್ದರೆ ಮಾತ್ರ ಜಿಲ್ಲಾ ಗ್ರಾಹಕ ಆಯೋಗದ ಬಗ್ಗೆ ಯೋಚಿಸಿ. ಸ್ಕೋರ್ ಕಮ್ಮಿ ಕೊಟ್ಟರು ಅನ್ನೋ ತಕರಾರಿಗೆ ಈ ದಿನಕ್ಕೆ 100 ರೂಪಾಯಿ ಸಿಗುವುದಿಲ್ಲ, ಮಾಹಿತಿ ತಪ್ಪಿದ್ದರೆ ಮಾತ್ರ.

‘ಸಿಬಿಲ್ ರಿಪೇರಿ’ ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಅವರು ತುಂಬುವುದೂ ಇದೇ ಫಾರ್ಮು. ರಿಪೋರ್ಟ್ ಸರಿಹೋಗುವ ತನಕ ಹತ್ತು ಬ್ಯಾಂಕಿಗೆ ಅರ್ಜಿ ಹಾಕುತ್ತಾ ಹೋಗಬೇಡಿ. ಪ್ರತಿ ಅರ್ಜಿಯೂ ಎನ್‌ಕ್ವೈರಿಯಾಗಿ, ಅಂದರೆ ಸಾಲ ಕೇಳಿದ ದಾಖಲೆಯಾಗಿ, ಅದೇ ರಿಪೋರ್ಟಿಗೆ ಸೇರಿಕೊಳ್ಳುತ್ತೆ.