ಬೈಕ್ ಕೊಂಡಿದ್ದಕ್ಕೇ ಬಸ್ ಖಾಲಿಯಾಯಿತಾ?

ಪ್ರಶ್ನೆ: ಬಳ್ಳಾರಿಯ ಕೌಲ್‌ಬಜಾರ್‌ನಿಂದ ರಾಯಲ್ ಸರ್ಕಲ್ ಹತ್ತಿರದ ಅಂಗಡಿಗೆ ಮೊದಲು ಸಿಟಿ ಬಸ್ಸಲ್ಲೇ ಹೋಗುತ್ತಿದ್ದೆ. ಈಗ ಬೈಕ್. ‘ನಿನ್ನಂಥವರಿಂದಲೇ ಬಸ್ ಖಾಲಿ’ ಅಂತ ಗೆಳೆಯ ರೇಗಿಸುತ್ತಾನೆ. ಅಮೆರಿಕದ ಕಾರಿನ ಊರುಗಳಲ್ಲೂ ಹೀಗೇ ಆಯಿತಂತೆ. ಹೌದಾ ಸರ್?

ಉತ್ತರ: ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಲಾಸ್ ಏಂಜಲೀಸ್ ಸುತ್ತಲಿನ ಜಿಲ್ಲೆಗಳಲ್ಲಿ 2000ರಿಂದ 2015ರೊಳಗೆ ಸುಮಾರು 23 ಲಕ್ಷ ಜನ ಹೆಚ್ಚಾದರು. ಮನೆಗಳ ವಾಹನಗಳೂ ಸುಮಾರು 21 ಲಕ್ಷ ಹೆಚ್ಚಾದವು. ಹೊಸ ರೈಲು ಹಾಕಿದರೂ ಬಸ್ ಹತ್ತುವವರು ಕಡಿಮೆಯಾದರು. ಬಸ್ಸನ್ನೇ ನಂಬಿದ್ದ ಬಡವರ ಮನೆಗೂ ಕಾರು ಬಂದಿತ್ತು. ನಮ್ಮಲ್ಲಿ ಆ ಜಾಗದಲ್ಲಿ ಬೈಕ್ ಇದೆ, ಅಷ್ಟೇ.

ಗಾಡಿ ಮನೆಗೆ ಬಂದ ಮೇಲೆ ಲೆಕ್ಕವೇ ಬೇರೆ. ಕಂತು, ಇನ್ಶೂರೆನ್ಸ್ ಹೇಗೂ ಕಟ್ಟುತ್ತೀರಿ, ಅಲ್ವಾ? ಬೆಳಿಗ್ಗೆ ಬಸ್ ಚಾರ್ಜಿನ ಜೊತೆ ತೂಗಿ ನೋಡುವುದು ಪೆಟ್ರೋಲ್ ಖರ್ಚನ್ನು ಮಾತ್ರ.

ಇನ್ನರ್ಧ ತಪ್ಪು ಕಾಯಿಸುವುದರದ್ದು. ಹತ್ತು ನಿಮಿಷಕ್ಕೊಂದು ಬಸ್ ಇದ್ದರೆ ಸರಾಸರಿ ಐದು ನಿಮಿಷ ಕಾಯುತ್ತೀರಿ. ಜನ ಇಲ್ಲ ಅಂತ ಅರ್ಧ ಟ್ರಿಪ್ ತೆಗೆದರೆ ಹತ್ತು ನಿಮಿಷ. ನಮ್ಮ ಏಪ್ರಿಲ್ ಬಿಸಿಲಲ್ಲಿ, ನೆರಳಿಲ್ಲದ ಸ್ಟಾಪಲ್ಲಿ, ಆ ಹತ್ತು ಅರ್ಧ ಗಂಟೆ ಆದಂತಿರುತ್ತದೆ. ಇನ್ನಷ್ಟು ಜನ ಬೈಕ್ ಹತ್ತುತ್ತಾರೆ, ಕಲೆಕ್ಷನ್ ಬೀಳುತ್ತದೆ, ಮತ್ತೆ ಟ್ರಿಪ್ ಕಟ್. ಬೀದಿಯಲ್ಲಿ ಬೈಕ್, ಆಟೋ ತುಂಬಿದಾಗ ಉಳಿದ ಬಸ್ಸೂ ತಡ. ಅದೇ ಬಸ್, ಅದೇ ಡ್ರೈವರ್, ದಿನಕ್ಕೆ ಟ್ರಿಪ್ ಮಾತ್ರ ಕಡಿಮೆ.

ದೂರವೂ ಲೆಕ್ಕಕ್ಕೆ ಬರುತ್ತದೆ. ತೋರಣಗಲ್ಲಿಗೆ ಮೂವತ್ತು ಕಿಲೋಮೀಟರ್ ಹೋಗುವವನಿಗೆ ಹತ್ತು ನಿಮಿಷ ಕಾದರೂ ನಡೆಯುತ್ತದೆ. ನಿಮ್ಮದು ಊರೊಳಗಿನ ದಾರಿ. ಕಾಯುವಷ್ಟರಲ್ಲಿ ಬೈಕಲ್ಲಿ ಅಂಗಡಿ ಬಾಗಿಲು ತೆಗೆದಿರುತ್ತೀರಿ!

ಚಾರ್ಜ್ ಇಳಿಸಿದರೆ ಸಾಕಲ್ಲ ಅನ್ನುವವರಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಬಸ್ಸುಗಳು ತುಂಬಿದ್ದೂ ನಿಜ. ಆದರೆ ಫ್ರೀ ಬಸ್ಸಿಗೂ ಕಾಯಲೇಬೇಕು. ಕೈಯಲ್ಲಿ ಬೈಕ್ ಕೀ ಇರುವವರು ಸುಮ್ನೆ ನಿಲ್ಲುವುದಿಲ್ಲ.

ನನ್ನನ್ನು ಕೇಳಿದರೆ, ಹೊಸ ರೂಟು ಬೇಡ. ನಿಮ್ಮ ಕೌಲ್‌ಬಜಾರ್ ದಾರಿಯೊಂದರಲ್ಲೇ ಎಂಟು ನಿಮಿಷಕ್ಕೊಂದು ಬಸ್ ಬಿಡಲಿ, ಸ್ಟಾಪಿಗೊಂದು ಶೆಡ್ ಹಾಕಲಿ. ತಿಂಗಳಲ್ಲಿ ಕೈಬಿಡಬಾರದು, ಒಂದು ವರ್ಷ ನೋಡಬೇಕು. ಅಲ್ಲಿಯವರೆಗೆ ನೀವು ಬೈಕ್ ಮಾರಬೇಡಿ. ಗೆಳೆಯರು ಅಂಗಡಿಗೆ ಯಾವುದರಲ್ಲಿ ಬರುತ್ತಾರೆ, ಅದನ್ನೂ ಕೇಳಿ.